ಇಂಜೆಕ್ಷನ್ ನೀವೇ ಚುಚ್ಚಿಕೊಳ್ಳಬೇಕೇ? ಭಯ ಇಟ್ಟುಕೊಂಡೇ ಶುರು ಮಾಡುವ ದಾರಿ

"ಇನ್ನು ಮೇಲೆ ಈ ಇಂಜೆಕ್ಷನ್ ಮನೆಯಲ್ಲೇ ನೀವೇ ತಗೊಳ್ಳಿ" ಎಂದು ಡಾಕ್ಟರು ಹೇಳಿದಾಗ ಎಷ್ಟೋ ಜನರ ಎದೆ ಧಸಕ್ಕೆನ್ನುತ್ತದೆ. ಕಾಯಿಲೆಯ ಹೆಸರು ಕೇಳಿದಾಗಲೂ ಅಷ್ಟು ಗಾಬರಿ ಆಗಿರುವುದಿಲ್ಲ. ನರ್ಸ್ ಚುಚ್ಚುವಾಗ ಮುಖ ಆ ಕಡೆ ತಿರುಗಿಸಿದರೆ ಮುಗಿಯಿತು. ಇಲ್ಲಿ ಹಾಗಲ್ಲ, ನೋಡಲೂಬೇಕು, ಕೈಯೂ ಮಾತು ಕೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಕೀಲುಗಳ ರುಮಟಾಯ್ಡ್ ಕಾಯಿಲೆಗೆ ಮೆಥೋಟ್ರೆಕ್ಸೇಟ್, ಚರ್ಮದ ಸೋರಿಯಾಸಿಸ್ ಮತ್ತು ಕರುಳಿನ ಕ್ರೋನ್ಸ್ ಕಾಯಿಲೆಗೆ ಬಯಾಲಾಜಿಕ್ ಔಷಧಿಗಳು (ಜೀವಕೋಶಗಳಿಂದ ತಯಾರಿಸುವಂಥವು), ನರಮಂಡಲದ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗೆ ಇಂಟರ್‌ಫೆರಾನ್. ಔಷಧಿ ಯಾವುದೇ ಇರಲಿ, ಮೊದಲ ಸಲ ಕೈ ನಡುಗುವುದು ಎಲ್ಲರಿಗೂ ಒಂದೇ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಭಯ ಪೂರ್ತಿ ಹೋದ ಮೇಲೆ ಶುರು ಮಾಡೋಣ ಅಂತ ಕಾಯಬೇಡಿ. ಚುಚ್ಚಿಕೊಳ್ಳುತ್ತಾ ಹೋದ ಹಾಗೆ ಭಯ ತಾನಾಗಿ ಕರಗುತ್ತದೆ, ಅದಕ್ಕೆ ಮೊದಲು ಕರಗುವುದು ಕಡಿಮೆ. ಹಾಗಾಗಿ ಇಲ್ಲಿರುವುದು ಧೈರ್ಯಶಾಲಿ ಆಗುವ ದಾರಿಯಲ್ಲ. ಹೆದರಿಕೊಂಡೇ ಸುರಕ್ಷಿತವಾಗಿ ಚುಚ್ಚಿಕೊಳ್ಳುವ ದಾರಿ.

ಚರ್ಮದ ಕೆಳಗಿನ ಕೊಬ್ಬಿಗೆ ಕೊಡುವ ಇಂಜೆಕ್ಷನ್ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ತೆಗೆದುಕೊಳ್ಳುವ ಹೆಚ್ಚಿನ ಔಷಧಿಗಳು ಇಂಥವೇ. ಮಾಂಸಖಂಡಕ್ಕೆ ಕೊಡುವ ಇಂಜೆಕ್ಷನ್ನಿಗೆ ಸೂಜಿಯೂ ಬೇರೆ, ಜಾಗವೂ ಬೇರೆ. ನಿಮ್ಮ ಔಷಧಿಯ ಡಬ್ಬದಲ್ಲಿರುವ ಸೂಚನೆ ಇಲ್ಲಿನ ಮಾತಿಗಿಂತ ಬೇರೆ ಇದ್ದರೆ, ಆ ಸೂಚನೆಯನ್ನೇ ಪಾಲಿಸಿ.

ನಿಮ್ಮ ಭಯ ಯಾವ ಬಗೆಯದು ಎಂದು ಮೊದಲು ನೋಡಿಕೊಳ್ಳಿ

ಇದು ಬಿಟ್ಟುಬಿಡಬಹುದಾದ ಹಂತ ಅನ್ನಿಸಬಹುದು. ದಯವಿಟ್ಟು ಬಿಡಬೇಡಿ. ಒಂದು ಬಗೆಯ ಭಯಕ್ಕೆ ಹೇಳುವ ಉಪಾಯ ಇನ್ನೊಂದು ಬಗೆಗೆ ಉಲ್ಟಾ ಹೊಡೆಯುತ್ತದೆ. ಹಿಂದೆ ರಕ್ತ ಪರೀಕ್ಷೆಗೆ ಕೊಟ್ಟಾಗಲೋ ಲಸಿಕೆ ಹಾಕಿಸಿಕೊಂಡಾಗಲೋ ಮೈಗೆ ಏನಾಯಿತು ಎಂದು ನೆನಪು ಮಾಡಿಕೊಳ್ಳಿ.

ಕೆಲವರಿಗೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಎದ್ದು ಓಡಿಹೋಗಬೇಕು ಅನ್ನಿಸುತ್ತದೆ. ಆದರೆ ತಲೆ ಸುತ್ತುವುದಿಲ್ಲ. ಇನ್ನು ಕೆಲವರಿಗೆ ಸೂಜಿ ಅಥವಾ ರಕ್ತ ಕಂಡರೆ ಮೊದಲು ಎದೆಬಡಿತ ಏರುತ್ತದೆ, ಆಮೇಲೆ ಅದೂ ಬಿ.ಪಿ.ಯೂ ದಬಕ್ಕನೆ ಇಳಿಯುತ್ತವೆ. ಕಿವಿ ಗುಂಯ್‌ಗುಟ್ಟುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಕೆಲವೊಮ್ಮೆ ಎಚ್ಚರವೂ ತಪ್ಪುತ್ತದೆ. ಇದು ಮನಸ್ಸಿನ ಬಲಹೀನತೆ ಅಲ್ಲ. ನರಮಂಡಲದ ಒಂದು ಪ್ರತಿಕ್ರಿಯೆ, ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಬರುತ್ತದೆ.

ಮೂರನೆಯದು ನೋವಿನ ಭಯ. ನಾಲ್ಕನೆಯದು ತಪ್ಪು ಮಾಡಿಬಿಟ್ಟೇನು ಎಂಬ ಭಯ: ಗಾಳಿಗುಳ್ಳೆ ಹೋದರೆ, ನರಕ್ಕೆ ಚುಚ್ಚಿದರೆ, ಡೋಸ್ ಹೆಚ್ಚು ಕಡಿಮೆ ಆದರೆ?

ಜನ ಬಾಯಿಬಿಟ್ಟು ಹೇಳದ ಇನ್ನೊಂದಿದೆ. "ಇಂಜೆಕ್ಷನ್‌ವರೆಗೆ ಬಂತು ಅಂದರೆ ನನ್ನ ಕಾಯಿಲೆ ಕೈಮೀರಿತು" ಎಂಬ ಸಂಕಟ. ಇನ್ಸುಲಿನ್ ವಿಷಯದಲ್ಲಿ ಇದು ತುಂಬಾ ಜಾಸ್ತಿ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ವರ್ಷಗಳು ಕಳೆದಂತೆ ಮೇದೋಜೀರಕ ಗ್ರಂಥಿ ಮಾಡುವ ಇನ್ಸುಲಿನ್ ಕಡಿಮೆಯಾಗುತ್ತಾ ಬರುತ್ತದೆ. ಕಡಿಮೆ ಬಿದ್ದದ್ದನ್ನು ಹೊರಗಿನಿಂದ ಕೊಡುತ್ತಾರೆ, ಅಷ್ಟೇ. ನೀವು ಪಥ್ಯ ಸರಿಯಾಗಿ ಮಾಡಲಿಲ್ಲ ಎಂಬ ಶಿಕ್ಷೆ ಅಲ್ಲ. ಬಹಳಷ್ಟು ಬಯಾಲಾಜಿಕ್ ಔಷಧಿಗಳು ಪ್ರೋಟೀನ್‌ಗಳು. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತವೆ, ಅದಕ್ಕೇ ಸೂಜಿ ಬೇಕು. ಕಾಯಿಲೆ ಎಷ್ಟು ಮುಂದುವರಿದಿದೆ ಎಂಬುದಕ್ಕೆ ಸೂಜಿ ಅಳತೆಗೋಲಲ್ಲ.

ಸೂಜಿಯನ್ನು ಕಣ್ಣಾರೆ ನೋಡಿ

ನಮ್ಮ ತಲೆಯಲ್ಲಿರುವುದು ಆಸ್ಪತ್ರೆಯ ಸೂಜಿ. ಮಾಂಸಖಂಡಕ್ಕೆ ಕೊಡುವ ಲಸಿಕೆಯ ಸೂಜಿ ದೊಡ್ಡವರಿಗೆ ಸುಮಾರು 25 ಮಿಲಿಮೀಟರ್ ಉದ್ದ ಇರುತ್ತದೆ. ಇನ್ಸುಲಿನ್ ಪೆನ್ನಿನ (ಪೆನ್ನಿನ ಆಕಾರದ ಇಂಜೆಕ್ಷನ್ ಸಾಧನ) ಸೂಜಿ ಈಗ 4 ಮಿಲಿಮೀಟರಿನದೂ ಸಿಗುತ್ತದೆ. ಇಂಜೆಕ್ಷನ್ ಕೊಡುವ ಜಾಗಗಳಲ್ಲಿ ಚರ್ಮದ ದಪ್ಪ ಸುಮಾರು 2 ಮಿಲಿಮೀಟರ್. ಹಾಗಾಗಿ ತೆಳ್ಳಗಿದ್ದವರಿಗೂ ದಪ್ಪಗಿದ್ದವರಿಗೂ 4 ಮಿಲಿಮೀಟರ್ ಸಾಕು. ದಪ್ಪವನ್ನು ಗೇಜ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಹೆಚ್ಚಾದಷ್ಟೂ ಸೂಜಿ ತೆಳ್ಳಗೆ. 32 ಗೇಜ್ ಸೂಜಿ ಒಂದು ಮಿಲಿಮೀಟರಿನ ಕಾಲು ಭಾಗಕ್ಕಿಂತಲೂ ತೆಳು. ಬಯಾಲಾಜಿಕ್ ಔಷಧಿ ತುಂಬಿಸಿ ಬರುವ ಸಿರಿಂಜ್‌ಗಳ ಸೂಜಿ ಇದಕ್ಕಿಂತ ಉದ್ದ ಮತ್ತು ಸ್ವಲ್ಪ ದಪ್ಪ, 27 ಅಥವಾ 29 ಗೇಜ್ ಸಾಮಾನ್ಯ. ಒತ್ತಿದರೆ ತಾನೇ ಚುಚ್ಚಿ ಔಷಧಿ ಬಿಡುವ ಆಟೋಇಂಜೆಕ್ಟರ್ ಪೆನ್ನಾದರೆ ಹೆಚ್ಚಿನವುಗಳಲ್ಲಿ ಸೂಜಿ ಕಣ್ಣಿಗೆ ಬೀಳುವುದೇ ಇಲ್ಲ.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಇಂಜೆಕ್ಷನ್ ಕೊಟ್ಟರು. ಆಮೇಲೆ ಎಷ್ಟೋ ವರ್ಷ ಜನ ಗಾಜಿನ ಸಿರಿಂಜನ್ನು ಮನೆಯಲ್ಲೇ ಕುದಿಸಿ, ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆದು ಚುಚ್ಚಿಕೊಳ್ಳುತ್ತಿದ್ದರು. ಮೊದಲ ಇನ್ಸುಲಿನ್ ಪೆನ್ ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಇಂಜೆಕ್ಷನ್ ಅಂದರೆ ನೋವು ಎಂಬ ಮಾತಿಗೆ ಹಿಂದೆ ಕಾರಣ ಇತ್ತು. ಈಗಿನ ಸೂಜಿ ಆ ಸೂಜಿ ಅಲ್ಲ.

ತಪ್ಪಾದೀತೆಂಬ ಭಯಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ. ಚರ್ಮದ ಕೆಳಗಿನ ಕೊಬ್ಬಿಗೆ ಸಣ್ಣ ಗಾಳಿಗುಳ್ಳೆ ಹೋದರೆ ಜೀವಕ್ಕೆ ಅಪಾಯವಿಲ್ಲ. ಇನ್ಸುಲಿನ್‌ನಲ್ಲಿ ಗುಳ್ಳೆ ಇದ್ದರೆ ಅಷ್ಟು ಔಷಧಿ ಕಡಿಮೆ ಹೋಗುತ್ತದೆ, ಅದಕ್ಕೇ ಪ್ರತಿ ಸಲ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಸೂಜಿ ತುದಿಯಲ್ಲಿ ಹನಿ ಬಂತೇ ಎಂದು ನೋಡಲು ಹೇಳುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಾಪ್ಯಾರಿನ್‌ನ ತುಂಬಿದ ಸಿರಿಂಜ್‌ನಲ್ಲಿ, ಪೂರ್ತಿ ಡೋಸ್ ತೆಗೆದುಕೊಳ್ಳುವಾಗ, ಗುಳ್ಳೆಯನ್ನು ಹೊರಹಾಕಲೇಬಾರದು. ಇನ್ನು ನರದ ವಿಷಯ. ಹೊಟ್ಟೆ ಮತ್ತು ತೊಡೆಯ ಹೊರಭಾಗವನ್ನು ಆರಿಸಿರುವುದೇ ಅಲ್ಲಿ ಮೇಲ್ಪದರದಲ್ಲಿ ದೊಡ್ಡ ನರ, ದೊಡ್ಡ ರಕ್ತನಾಳ ಇಲ್ಲ ಎಂದು.

ತಲೆಸುತ್ತು ಬರುವವರಿಗೆ: ಮೈ ಸಡಿಲ ಬಿಡಬೇಡಿ

"ದೀರ್ಘವಾಗಿ ಉಸಿರಾಡು, ಮೈ ಸಡಿಲ ಬಿಡು" ಎಂದು ಎಲ್ಲರೂ ಹೇಳುತ್ತಾರೆ. ಬಿ.ಪಿ. ಇಳಿಯುವ ಜಾತಿಯವರು ನೀವಾದರೆ ಈ ಸಲಹೆ ಬೇಡ. ಇಳಿಯುತ್ತಿರುವ ಬಿ.ಪಿ.ಯನ್ನು ಮೇಲೆತ್ತುವುದು ನಿಮಗೆ ಬೇಕಾದದ್ದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಇದಕ್ಕೆಂದೇ ಒಂದು ವಿಧಾನ ರೂಪಿಸಿದರು. ಮಾಡುವುದು ಸುಲಭ:

1. ಕುರ್ಚಿಯಲ್ಲಿ ಕೂತು ಮುಷ್ಟಿ ಬಿಗಿಹಿಡಿಯಿರಿ. ತೋಳು, ಹೊಟ್ಟೆ, ಕಾಲು ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಿ. ಉಸಿರು ಕಟ್ಟಬೇಡಿ.
2. 10ರಿಂದ 15 ಸೆಕೆಂಡ್ ಹಾಗೇ ಹಿಡಿಯಿರಿ. ಮುಖ ಬೆಚ್ಚಗಾದ ಹಾಗೆ ಅನ್ನಿಸಬೇಕು.
3. ಬಿಗಿ ಬಿಡಿ, ಆದರೆ ಪೂರ್ತಿ ಸಡಿಲಾಗಬೇಡಿ. ಮಾಮೂಲಿ ಸ್ಥಿತಿಗೆ ಬಂದರೆ ಸಾಕು. 20ರಿಂದ 30 ಸೆಕೆಂಡ್ ಬಿಟ್ಟು ಮತ್ತೆ ಮಾಡಿ.
4. ಹೀಗೆ ಐದು ಸಲ.

ಸೂಜಿ ಹತ್ತಿರ ಇಲ್ಲದಿರುವಾಗಲೇ ಒಂದು ವಾರ ದಿನವೂ ಅಭ್ಯಾಸ ಮಾಡಿ. ಚುಚ್ಚುವ ದಿನ ಮೊದಲೇ ಎರಡು ಮೂರು ಸುತ್ತು ಮುಗಿಸಿಕೊಳ್ಳಿ. ಚುಚ್ಚುವ ಹೊತ್ತಿಗೆ, ಯಾವ ತೊಡೆಗೆ ಸೂಜಿ ಹೋಗುತ್ತದೋ ಅದು ಮಾತ್ರ ಸಡಿಲ ಇರಲಿ, ಉಳಿದ ಮೈ ಬಿಗಿಯಾಗಿರಲಿ. ಮೊದಮೊದಲು ಒರಗಿಕೊಂಡು ಅಥವಾ ಅರ್ಧ ಮಲಗಿ ಚುಚ್ಚಿಕೊಳ್ಳಿ, ಯಾರಾದರೂ ಜೊತೆಗಿರಲಿ. ಮುಗಿದ ಕೂಡಲೇ ಎದ್ದು ನಿಲ್ಲಬೇಡಿ. ಬಿ.ಪಿ. ಅಥವಾ ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಈ ಬಿಗಿಹಿಡಿಯುವ ಅಭ್ಯಾಸಕ್ಕೆ ಮುಂಚೆ ಡಾಕ್ಟರನ್ನು ಕೇಳಿ.

ಎದೆ ಡವಡವ ಅನ್ನುವವರಿಗೆ: ಮೆಟ್ಟಿಲು ಮೆಟ್ಟಿಲಾಗಿ

ತಲೆಸುತ್ತು ಬರದವರಿಗೆ ನಿಧಾನ ಉಸಿರಾಟ ಚೆನ್ನಾಗಿ ಒಗ್ಗುತ್ತದೆ. ಎಳೆದುಕೊಳ್ಳುವುದಕ್ಕಿಂತ ಬಿಡುವ ಉಸಿರು ಉದ್ದ ಇರಲಿ. ಆದರೆ ಉಸಿರಾಟ ಒಂದರಿಂದಲೇ ಆಗುವುದಿಲ್ಲ. ಭಯಪಡಿಸುವ ವಸ್ತುವಿನ ಹತ್ತಿರ ಸ್ವಲ್ಪ ಸ್ವಲ್ಪವೇ ಹೋಗಿ, ಅಲ್ಲಿ ನಿಂತು, ಗಾಬರಿ ತಾನಾಗಿ ಇಳಿಯುವುದನ್ನು ಮೈಗೆ ಕಲಿಸಬೇಕು.

ಮುಚ್ಚಿದ ಡಬ್ಬವನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂರುವುದು ಮೊದಲ ಮೆಟ್ಟಿಲು. ಆಮೇಲೆ ಖಾಲಿ ಪೆನ್ ಅಥವಾ ಅಭ್ಯಾಸದ ಪೆನ್ ಕೈಯಲ್ಲಿ ಹಿಡಿಯುವುದು. ಬೇರೆಯವರು ಚುಚ್ಚಿಕೊಳ್ಳುವ ವಿಡಿಯೊ ನೋಡುವುದು. ಸೂಜಿ ಇಲ್ಲದ ಪೆನ್ನನ್ನು ತೊಡೆಗೆ ಒತ್ತಿ ಹತ್ತರವರೆಗೆ ಎಣಿಸುವುದು. ನಿಜವಾದ ಸೂಜಿಯಿಂದ ಸ್ಪಂಜಿಗೆ ಚುಚ್ಚುವುದು, ಆಮೇಲೆ ಆ ಸೂಜಿ ಎಸೆಯುವುದು. ಕಡೆಗೆ ನರ್ಸ್ ಪಕ್ಕದಲ್ಲಿರುವಾಗ ನಿಮ್ಮ ಮೈಗೆ.

ಪ್ರತಿ ಮೆಟ್ಟಿಲಲ್ಲೂ ಗಾಬರಿಗೆ ಹತ್ತರಲ್ಲಿ ಅಂಕ ಕೊಡಿ. ಎಂಟಿದ್ದದ್ದು ನಾಲ್ಕಕ್ಕೆ ಬರುವವರೆಗೆ ಅಲ್ಲೇ ಇರಿ. ಏಳರಲ್ಲಿದ್ದಾಗ ಎದ್ದು ಹೋದರೆ "ಓಡಿಹೋದದ್ದಕ್ಕೇ ಬಚಾವಾದೆ" ಎಂದು ಮೈ ಪಾಠ ಕಲಿಯುತ್ತದೆ, ಮುಂದಿನ ಸಲ ಇನ್ನೂ ಕಷ್ಟ. ಔಷಧಿ ತುರ್ತಾಗಿ ಶುರುವಾಗಬೇಕಿದ್ದರೆ ಮೆಟ್ಟಿಲು ಮುಗಿಯಲಿ ಎಂದು ಡೋಸ್ ತಡಮಾಡಬೇಡಿ. ಅಲ್ಲಿಯವರೆಗೆ ನರ್ಸ್ ಅಥವಾ ಮನೆಯವರು ಕೊಡಲಿ, ನೀವು ಪಕ್ಕದಲ್ಲಿ ಅಭ್ಯಾಸ ಮುಂದುವರಿಸಿ.

ಕಲಿಯುವ ದಿನ ನರ್ಸ್ ಹತ್ತಿರ ಏನು ಕೇಳಬೇಕು

ನೋಡಿ ಕಲಿತರೆ ಸಾಲದು. "ನಾನು ಮಾಡ್ತೀನಿ, ನೀವು ನೋಡಿ" ಎಂದು ಹೇಳಿ, ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತಾ ಮಾಡಿ ತೋರಿಸಿ. ಅನುಮತಿ ಕೇಳಿ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮನೆಯಲ್ಲಿ ಒಬ್ಬರೇ ಇರುವಾಗ ಅದರಷ್ಟು ಉಪಯೋಗ ಇನ್ನಾವುದೂ ಆಗುವುದಿಲ್ಲ. ಡೋಸ್ ತಪ್ಪಿದರೆ ಏನು ಮಾಡಬೇಕು, ಅರ್ಧ ಔಷಧಿ ಹೊರಗೆ ಚೆಲ್ಲಿದರೆ ಮತ್ತೆ ತೆಗೆದುಕೊಳ್ಳಬೇಕೇ, ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅಂದೇ ಬರೆದುಕೊಳ್ಳಿ. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರು ಯಾವ ವಾರದ ದಿನ ಎಂದು ದೊಡ್ಡದಾಗಿ ಬರೆದಿಡಿ. ಈ ಕಾಯಿಲೆಗಳಿಗೆ ಅದು ವಾರಕ್ಕೊಮ್ಮೆ ಮಾತ್ರ, ದಿನವೂ ತೆಗೆದುಕೊಂಡರೆ ಪ್ರಾಣಾಪಾಯ.

ಚುಚ್ಚುವ ದಿನದ ತಯಾರಿ

ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡುವ ಔಷಧಿಯನ್ನು ತಣ್ಣಗಿರುವಾಗಲೇ ಚುಚ್ಚಿಕೊಂಡರೆ ಉರಿ ಜಾಸ್ತಿ. ಬಹಳಷ್ಟು ಬಯಾಲಾಜಿಕ್‌ಗಳನ್ನು 15ರಿಂದ 30 ನಿಮಿಷ ಮೊದಲೇ ಹೊರಗಿಡಲು ಹೇಳುತ್ತಾರೆ. ಬಿಸಿನೀರಲ್ಲಿ ಅದ್ದುವುದು, ಮೈಕ್ರೋವೇವ್‌ನಲ್ಲಿಡುವುದು, ಬಿಸಿಲಿಗೆ ಹಿಡಿಯುವುದು ಬೇಡ, ಔಷಧಿ ಕೆಡುತ್ತದೆ. ಹೆಪ್ಪುಗಟ್ಟಿದ ಔಷಧಿ ಕರಗಿದ ಮೇಲೂ ಉಪಯೋಗಕ್ಕೆ ಬಾರದು. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನನ್ನು ಕೋಣೆಯ ತಂಪಿನಲ್ಲೇ ಇಡಬಹುದು, ಹಲವು ಬಗೆಗಳಿಗೆ ಈ ಅವಧಿ 28 ದಿನ.

ಅದು ಹೊರಗಿರುವ ಹೊತ್ತಿನಲ್ಲಿ ಕೈ ತೊಳೆಯಿರಿ. ಔಷಧಿಯ ಹೆಸರು, ಡೋಸ್, ಅವಧಿ ಮುಗಿಯುವ ದಿನಾಂಕ ನೋಡಿ. ಸ್ಪಿರಿಟ್ ಸ್ವಾಬ್, ಹತ್ತಿ, ಸೂಜಿ ಎಸೆಯುವ ಗಟ್ಟಿ ಡಬ್ಬ ಎಲ್ಲ ಕೈಗೆಟುಕುವಂತಿರಲಿ. ಚುಚ್ಚಬೇಕಾದ ಹೊತ್ತಿನಲ್ಲಿ ಹತ್ತಿ ಹುಡುಕಲು ಎದ್ದರೆ ಅರ್ಧ ಧೈರ್ಯ ಅಲ್ಲೇ ಹೋಗುತ್ತದೆ.

ಜಾಗ: ಹೊಕ್ಕುಳಿನಿಂದ 5 ಸೆಂಟಿಮೀಟರ್ ದೂರ ಬಿಟ್ಟು ಹೊಟ್ಟೆ, ಅಥವಾ ತೊಡೆಯ ಮುಂಭಾಗ ಮತ್ತು ಹೊರಭಾಗ. ಹೊಸಬರಿಗೆ ನಾನು ತೊಡೆಯನ್ನೇ ಹೇಳುತ್ತೇನೆ. ಕೂತಾಗ ಎದುರಿಗೇ ಇರುತ್ತದೆ, ಎರಡೂ ಕೈಗೆ ಸಿಗುತ್ತದೆ. ಕೆಲವರಿಗೆ ಹೊಟ್ಟೆಯಲ್ಲಿ ನೋವು ಕಡಿಮೆ, ಅದನ್ನು ಆಮೇಲೆ ಪರೀಕ್ಷಿಸಿ ನೋಡಿ. ಮಚ್ಚೆ, ಗಾಯದ ಕಲೆ, ಕೆಂಪಾದ ಅಥವಾ ಗಂಟಾದ ಜಾಗ ಬೇಡ.

ಆ ಹತ್ತು ಸೆಕೆಂಡ್

ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದೊಂದೇ. ಸೂಜಿ ಚರ್ಮದ ಹತ್ತಿರ ಇದೆ, ಕೈ ಮುಂದೆ ಹೋಗುತ್ತಿಲ್ಲ. ಮೀನಮೇಷ ಎಣಿಸುತ್ತಾ ಕೂತಷ್ಟೂ ಭಯ ಬೆಳೆಯುತ್ತದೆ, ತೋಳು ಸೋಲುತ್ತದೆ, ನಡುಕ ಜಾಸ್ತಿಯಾಗುತ್ತದೆ. ಆದ್ದರಿಂದ ಮಾಡಬೇಕಾದದ್ದು ಒಂದೇ, ಈ ಕಾಯುವ ಹೊತ್ತನ್ನು ಚಿಕ್ಕದು ಮಾಡುವುದು.

1. ಸ್ವಾಬ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಒದ್ದೆ ಸ್ಪಿರಿಟ್ ಸೂಜಿಯ ಜೊತೆ ಒಳಗೆ ಹೋದರೆ ಉರಿಯುತ್ತದೆ. ಆ ಉರಿಯನ್ನೇ ಜನ ಸೂಜಿಯ ನೋವು ಎಂದುಕೊಳ್ಳುತ್ತಾರೆ.
2. ಪಾದವನ್ನು ನೆಲಕ್ಕೆ ಊರಿ, ತೊಡೆಯ ಮಾಂಸಖಂಡ ಸಡಿಲ ಬಿಡಿ.
3. ಕ್ಯಾಪ್ ತೆಗೆಯುವುದು ಕಟ್ಟಕಡೆಯ ಕೆಲಸ. ಆಟೋಇಂಜೆಕ್ಟರ್‌ಗಳಲ್ಲಿ ಇದು ಇನ್ನೂ ಮುಖ್ಯ. ತೆಗೆದ ಕ್ಯಾಪನ್ನು ಮತ್ತೆ ಹಾಕಬಾರದು.
4. ಉದ್ದ ಸೂಜಿಯಾದರೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿಯಿರಿ. 4 ಮಿಲಿಮೀಟರ್ ಸೂಜಿಗೆ ಸಾಮಾನ್ಯವಾಗಿ ಹಿಡಿಯುವ ಅಗತ್ಯವಿಲ್ಲ.
5. ಜೋರಾಗಿ ಎಣಿಸಿ: ಒಂದು, ಎರಡು, ಮೂರು. ಮೂರು ಅನ್ನುವಾಗ ಉಸಿರು ಬಿಡುತ್ತಾ ಸೂಜಿ ಒಳಗೆ. ನಾಲ್ಕು ಎಂಬುದೇ ಇಲ್ಲ.

ಒಳಗೆ ಹೋಗುವಾಗ ಏನಾಗುತ್ತದೆ ಎಂದು ಗೊತ್ತಿದ್ದರೆ ಒಳ್ಳೆಯದು. ಸೂಜಿಯ ತುದಿ ತಾಗಿದಾಗ ಚರ್ಮ ಕೂದಲೆಳೆಯಷ್ಟು ಒಳಕ್ಕೆ ತಗ್ಗುತ್ತದೆ, ಸಣ್ಣದಾಗಿ ತಡೆಯುತ್ತದೆ. ಆ ತಡೆ ದಾಟಿದ ಮೇಲೆ ಸೂಜಿ ಸಲೀಸಾಗಿ ಜಾರುತ್ತದೆ. ಚುಳುಕ್ ಅನ್ನುವುದು ಆ ತಡೆಯಲ್ಲಿ ಮಾತ್ರ. ಅಲ್ಲೇ ಕೈ ಹಿಂದೆ ಮುಂದೆ ಮಾಡಿದರೆ ಚುಳುಕು ಉದ್ದವಾಗುತ್ತದೆ. ನಿಧಾನ ಒತ್ತಿದರೆ ನೋವು ಕಡಿಮೆ ಎಂದು ನಮ್ಮ ಕೈ ನಂಬಿರುತ್ತದೆ. ಸೂಜಿಯ ವಿಷಯದಲ್ಲಿ ಅದು ಸುಳ್ಳು. ಸೂಜಿ ಹಾಕುವುದು ಚುರುಕಾಗಿ, ಔಷಧಿ ಒತ್ತುವುದು ನಿಧಾನವಾಗಿ.

ಇನ್ಸುಲಿನ್ ಪೆನ್ನಿನ ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿ ಆಮೇಲೆ ಹೊರತೆಗೆಯಿರಿ, ಬೇಗ ತೆಗೆದರೆ ಔಷಧಿ ತೊಟ್ಟಿಕ್ಕುತ್ತದೆ. ಆಟೋಇಂಜೆಕ್ಟರ್ ಆದರೆ ಟಕ್ ಎಂಬ ಸದ್ದಿಗೆ ಬೆಚ್ಚಿ ಎತ್ತಿಬಿಡುವುದು ಹೊಸಬರಲ್ಲಿ ತುಂಬಾ ಸಾಮಾನ್ಯ. ಸದ್ದು ಬಂದೇ ಬರುತ್ತದೆ ಎಂದು ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ. ಪೆನ್ನಿನ ಮೇಲಿರುವ ಪುಟ್ಟ ಕಿಟಕಿಯ ಬಣ್ಣ ಪೂರ್ತಿ ಬದಲಾಗುವವರೆಗೆ ಒತ್ತಿ ಹಿಡಿದೇ ಇರಿ.

ಮೂರು ಸಲ ಎಣಿಸಿದರೂ ಕೈ ಹೋಗದಿದ್ದರೆ ಸೂಜಿಯನ್ನು ಕೆಳಗಿಡಿ. ಕೋಣೆಯಲ್ಲಿ ಸ್ವಲ್ಪ ಓಡಾಡಿ ಬನ್ನಿ, ಪೆನ್ನಾದರೆ ಹೊಸ ಸೂಜಿ ಹಾಕಿಕೊಂಡು ಮತ್ತೆ ಕೂತುಕೊಳ್ಳಿ. ಕ್ಯಾಪ್ ತೆಗೆದ ಆಟೋಇಂಜೆಕ್ಟರ್‌ಗೆ ಮಾತ್ರ ಈ ಬಿಡುವು ಸಲ್ಲದು. ಅದನ್ನು ಬೇಗ ಬಳಸಬೇಕಾಗುತ್ತದೆ, ಹಾಗಾಗಿ ಮೂರು ಸಲ ಎಣಿಸುವ ಅಭ್ಯಾಸವನ್ನು ಕ್ಯಾಪ್ ಇರುವಾಗಲೇ ಮುಗಿಸಿಕೊಳ್ಳಿ.

ನೋವು ಇನ್ನೂ ಕಡಿಮೆ ಮಾಡಲು

ಬಟ್ಟೆಯಲ್ಲಿ ಸುತ್ತಿದ ಐಸನ್ನು ಒಂದೆರಡು ನಿಮಿಷ ಹಿಡಿದು ಆಮೇಲೆ ಚುಚ್ಚಿಕೊಳ್ಳಬಹುದು, ನಿಮ್ಮ ಔಷಧಿಗೆ ಅಡ್ಡಿಯಿಲ್ಲ ಎಂದು ಒಮ್ಮೆ ಕೇಳಿಕೊಳ್ಳಿ. ಮರಗಟ್ಟಿಸುವ ಕ್ರೀಮ್ ಕೂಡ ಇದೆ, ಲಿಡೊಕೇನ್ ಮತ್ತು ಪ್ರಿಲೊಕೇನ್ ಸೇರಿದ್ದು. ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕು. ಚುಚ್ಚುವ ಜಾಗದ ಪಕ್ಕದಲ್ಲಿ ಬೆರಳಿನಿಂದ ಗಟ್ಟಿಯಾಗಿ ಒತ್ತುವುದೂ ಸಹಾಯ ಮಾಡುತ್ತದೆ. ಒತ್ತುವ, ಉಜ್ಜುವ ಸಂವೇದನೆ ನೋವಿನ ಸುದ್ದಿಯನ್ನು ಬೆನ್ನುಹುರಿಯ ಮಟ್ಟದಲ್ಲೇ ತಗ್ಗಿಸುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲೇ ವಿವರಿಸಿದ್ದರು. ಪೆಟ್ಟಾದ ಕೂಡಲೇ ನಾವು ಉಜ್ಜಿಕೊಳ್ಳುತ್ತೇವಲ್ವಾ, ಅದೇ.

ಸೂಜಿ ನೋಯುವುದಿಲ್ಲ, ಔಷಧಿ ಒಳಗೆ ಹೋಗುವಾಗ ಉರಿಯುತ್ತದೆ ಎಂದಾದರೆ ಅದು ನಿಮ್ಮ ತಪ್ಪಲ್ಲ. ಕೆಲವು ಔಷಧಿಗಳಲ್ಲಿರುವ ಸಿಟ್ರೇಟ್ ಇದಕ್ಕೆ ಕಾರಣ. ಅಡಾಲಿಮುಮ್ಯಾಬ್‌ನಂಥ ಬಯಾಲಾಜಿಕ್ ಔಷಧಿಗೆ ಸಿಟ್ರೇಟ್ ಇಲ್ಲದ ರೂಪವೂ ಇದೆ. ಡಾಕ್ಟರನ್ನು ಕೇಳಿ.

ಮುಗಿದ ಮೇಲೆ

ಒಂದು ಹನಿ ರಕ್ತ ಬಂದರೆ ಹತ್ತಿಯಿಂದ ಒತ್ತಿ ಹಿಡಿಯಿರಿ, ತಿಕ್ಕಬೇಡಿ. ಸಣ್ಣ ನೀಲಿ ಕಲೆ ಮಾಮೂಲು. ಬಯಾಲಾಜಿಕ್ ಶುರುವಿನ ವಾರಗಳಲ್ಲಿ ಚುಚ್ಚಿದ ಜಾಗ ಕೆಂಪಾಗಿ ತುರಿಸುವುದೂ ಉಂಟು. ಆದರೆ ಉಸಿರಾಟಕ್ಕೆ ಕಷ್ಟ, ಮುಖ ತುಟಿ ನಾಲಿಗೆಗೆ ಊತ, ಮೈಯೆಲ್ಲ ದದ್ದು ಬಂದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಜಾಗ ದಿನದಿಂದ ದಿನಕ್ಕೆ ಬಿಸಿಯಾಗಿ, ನೋವು ಹೆಚ್ಚಿ, ಕೀವು ಬಂದರೂ ತೋರಿಸಿ.

ಸೂಜಿ ಒಂದೇ ಸಲಕ್ಕೆ. ಎರಡನೇ ಸಲಕ್ಕೆ ತುದಿ ಮೊಂಡಾಗಿ ನೋವೂ ಜಾಸ್ತಿ, ಸೋಂಕಿನ ಭಯವೂ ಜಾಸ್ತಿ. ಬಳಸಿದ್ದನ್ನು ಸೂಜಿಗೆಂದೇ ಇರುವ ಡಬ್ಬಕ್ಕೆ ಹಾಕಿ. ಅದು ಸಿಗದಿದ್ದರೆ ಚುಚ್ಚಿದರೂ ತೂತಾಗದ, ಮುಚ್ಚಳ ಬಿಗಿಯಾಗುವ ಗಟ್ಟಿ ಪ್ಲಾಸ್ಟಿಕ್ ಡಬ್ಬ ಆದೀತು.

ಮುಂದಿನ ವಾರಗಳು

ಹಿಂದಿನ ಸಲದ ಜಾಗದಿಂದ ಕನಿಷ್ಠ ಒಂದು ಬೆರಳಗಲ ಸರಿದು ಚುಚ್ಚಿಕೊಳ್ಳಿ, ಎಡ ಬಲ ಬದಲಿಸಿ. ನೋವಾಗದ ಜಾಗ ಸಿಕ್ಕಿತೆಂದು ಅಲ್ಲಿಗೇ ಚುಚ್ಚುತ್ತಾ ಹೋಗುವುದು ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಾಮಾನ್ಯ. ಆ ಜಾಗದಲ್ಲಿ ಕೊಬ್ಬಿನ ಗಂಟು ಬೆಳೆಯುತ್ತದೆ. ನೋವು ಗೊತ್ತಾಗದಿರುವುದು ಅದಕ್ಕೇ. ಅಲ್ಲಿಂದ ಇನ್ಸುಲಿನ್ ಒಂದೇ ಹದದಲ್ಲಿ ರಕ್ತಕ್ಕೆ ಸೇರದೆ ಸಕ್ಕರೆ ಏರುಪೇರಾಗುತ್ತದೆ. ತಿಂಗಳಿಗೊಮ್ಮೆ ಬೆರಳಿನಿಂದ ತಡವಿ ನೋಡಿಕೊಳ್ಳಿ.

ದಿನವೂ ಚುಚ್ಚಿಕೊಳ್ಳುವವರಿಗೆ ಕೈ ಬೇಗ ಕುದುರುತ್ತದೆ. ತಿಂಗಳಿಗೊಮ್ಮೆ ತೆಗೆದುಕೊಳ್ಳುವವರಿಗೆ ಪ್ರತಿ ಸಲವೂ ಹೊಸದಾಗಿ ಶುರು ಮಾಡಿದ ಹಾಗೆ ಅನ್ನಿಸುವುದು ಸಹಜ. ನಡುವೆ ವಾರಕ್ಕೊಮ್ಮೆ ಅಭ್ಯಾಸದ ಪೆನ್ ಹಿಡಿದು ಎಲ್ಲ ಹೆಜ್ಜೆಯನ್ನೂ ಒಮ್ಮೆ ಮಾಡಿದರೆ ಆ ಅಂತರ ಕಾಡುವುದಿಲ್ಲ.

ಮನೆಯವರಿಗೂ ಒಂದು ಮಾತು. "ಇಷ್ಟಕ್ಕೆಲ್ಲ ಹೆದರ್ತೀಯಾ" ಅನ್ನಬೇಡಿ. "ಆಯ್ತಾ, ಆಯ್ತಾ" ಎಂದು ಬಾಗಿಲಲ್ಲಿ ನಿಂತು ಕೇಳಬೇಡಿ. ಪಕ್ಕದಲ್ಲಿ ಕೂತು ಬೇರೆ ವಿಷಯ ಮಾತಾಡಿ, ಕರೆದರೆ ಮಾತ್ರ ಸಹಾಯ ಮಾಡಿ.

ಇಷ್ಟೆಲ್ಲ ಮಾಡಿದರೂ ಆಗುತ್ತಿಲ್ಲವೇ? ಸಿರಿಂಜ್ ಬದಲು ಆಟೋಇಂಜೆಕ್ಟರ್ ಇದೆಯೇ, ಅಥವಾ ಅದರ ಟಕ್ ಸದ್ದೇ ಭಯವಾದರೆ ಸಿರಿಂಜ್ ಸಿಗುತ್ತದೆಯೇ ಎಂದು ಕೇಳಿ. ಸಿರಿಂಜ್‌ನಲ್ಲಿ ವೇಗ ನಿಮ್ಮ ಕೈಯಲ್ಲೇ ಇರುತ್ತದೆ, ಕೆಲವರಿಗೆ ಅದೇ ನೆಮ್ಮದಿ. ಕೆಲವು ಕಾಯಿಲೆಗಳಿಗೆ ಮಾತ್ರೆಯ ಅಥವಾ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುವ ಔಷಧಿಯ ದಾರಿಯೂ ಉಂಟು. ಸೂಜಿ ಭಯಕ್ಕೆ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಒಂದೇ ದಿನ ಎರಡು ಮೂರು ಗಂಟೆ ಜೊತೆಗೆ ಕೂತು ಮೆಟ್ಟಿಲು ಹತ್ತಿಸುವ ಚಿಕಿತ್ಸೆಯಿಂದಲೇ ಹಲವರಿಗೆ ಗುಣ ಕಂಡಿದೆ.

ಡೋಸ್ ತಪ್ಪಿಸಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ನೀವು ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ಎಂದೇ ಅವರು ತಿಳಿದಿರುತ್ತಾರೆ. ರಿಪೋರ್ಟ್ ಸರಿ ಬರದಿದ್ದರೆ ಔಷಧಿ ನಾಟುತ್ತಿಲ್ಲ ಎಂದುಕೊಂಡು ಡೋಸ್ ಏರಿಸಬಹುದು, ಅಥವಾ ಇನ್ನೂ ಬಿರುಸಾದ ಔಷಧಿಗೆ ಬದಲಿಸಬಹುದು. "ಭಯಕ್ಕೆ ಎರಡು ಸಲ ಬಿಟ್ಟೆ" ಎಂದು ಹೇಳಿ. ತಪ್ಪಿದ್ದನ್ನು ಸರಿದೂಗಿಸಲು ಒಟ್ಟಿಗೆ ಎರಡು ಡೋಸ್ ತೆಗೆದುಕೊಳ್ಳಬೇಡಿ. ಮುಂದಿನದು ಯಾವಾಗ ಎಂದು ಅವರನ್ನೇ ಕೇಳಿ, ಸಾಧ್ಯವಾದರೆ ಅದನ್ನು ಅಲ್ಲೇ ನರ್ಸ್ ಎದುರಿಗೆ ನಿಮ್ಮ ಕೈಯಿಂದಲೇ ತೆಗೆದುಕೊಳ್ಳಿ.